ಹಡಗಿನ ಪಾರುಪತ್ಯ ಯಾರದು?

2021ರ ಮಾರ್ಚ್ 23ರಂದು 'ಎವರ್ ಗಿವನ್' ಎಂಬ ಕಂಟೇನರ್ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತು. ಸುಮಾರು 400 ಮೀಟರ್ ಉದ್ದದ ಈ ಹಡಗು ಆರು ದಿನ ಕಾಲುವೆಯ ಸಂಚಾರವನ್ನೇ ತಡೆಯಿತು. ಅದು ಯಾರ ಹಡಗು ಎಂಬ ಸರಳ ಪ್ರಶ್ನೆಗೆ ಮಾತ್ರ ಒಂದೇ ಉತ್ತರ ಇರಲಿಲ್ಲ. ಒಡೆತನ ಜಪಾನಿನ ಶೋಯಿ ಕಿಸೆನ್ ಕಂಪೆನಿಯದು; ಬಾಡಿಗೆಗೆ ಪಡೆದು ಸರಕು ಸಾಗಿಸುತ್ತಿದ್ದುದು ತೈವಾನಿನ ಎವರ್‌ಗ್ರೀನ್; ನೋಂದಣಿ ಪನಾಮಾದಲ್ಲಿ; 25 ಮಂದಿ ನಾವಿಕರು ಭಾರತೀಯರು. ಹಡಗಿನ ದಿನನಿತ್ಯದ ನಿರ್ವಹಣೆ ಜರ್ಮನ್ ಮೂಲದ ಬರ್ನ್‌ಹಾರ್ಡ್ ಶುಲ್ಟೆ ಶಿಪ್‌ಮ್ಯಾನೇಜ್‌ಮೆಂಟ್ ಸಂಸ್ಥೆಯದು.

ದೇವಸ್ಥಾನದ ಆಸ್ತಿ ದೇವರದು, ನೋಡಿಕೊಳ್ಳುವವನು ಪಾರುಪತ್ಯಗಾರ. ಹಡಗು ನಿರ್ವಹಣಾ ಕಂಪೆನಿಯ ಸ್ಥಾನವೂ ಹೆಚ್ಚುಕಡಿಮೆ ಅಂಥದೇ. ಹಣ ಹೂಡಿದವರಿಗೆಲ್ಲ ಕಡಲಿನ ಅನುಭವ ಇರಬೇಕೆಂದಿಲ್ಲ. 1980ರ ದಶಕದಲ್ಲಿ ಹಡಗು ವ್ಯಾಪಾರ ಕುಸಿದಾಗ ಸಾಲ ತೀರದ ಹಡಗುಗಳು ಬ್ಯಾಂಕುಗಳ ಕೈಸೇರಿದವು. ಅವನ್ನು ನಡೆಸಿಕೊಡಬಲ್ಲವರಿಗೆ ಬೇಡಿಕೆ ಹೆಚ್ಚಿತು. ಹಾಂಗ್‌ಕಾಂಗ್, ಸಿಂಗಪುರ, ಸೈಪ್ರಸ್‌ನ ಲಿಮಸೋಲ್ ಈ ಉದ್ಯಮದ ಮುಖ್ಯ ನೆಲೆಗಳಾದವು.

ಕ್ಯಾಪ್ಟನ್‌ನಿಂದ ಅಡುಗೆಯವನವರೆಗೆ ಸಿಬ್ಬಂದಿಯನ್ನು ಒದಗಿಸುವುದು, ಅವರ ಸಂಬಳ, ಎಂಜಿನ್ನಿನ ಬಿಡಿಭಾಗ, ಬಣ್ಣ, ದಿನಸಿ, ದುರಸ್ತಿ, ಡ್ರೈಡಾಕ್, ತಪಾಸಣೆ ಎಲ್ಲವೂ ನಿರ್ವಾಹಕರ ಪಾಲಿನ ಕೆಲಸ. ದಡದಲ್ಲಿರುವ ಸೂಪರಿಂಟೆಂಡೆಂಟ್ ಕೆಲವು ಹಡಗುಗಳ ಹೊಣೆ ಹೊತ್ತಿರುತ್ತಾನೆ. ಆತ ಸಾಮಾನ್ಯವಾಗಿ ಸಮುದ್ರದಲ್ಲಿ ದುಡಿದು ಬಂದ ಎಂಜಿನಿಯರ್. ವರ್ಷಾರಂಭದಲ್ಲಿ ಖರ್ಚಿನ ಅಂದಾಜು ಸಿದ್ಧವಾಗುತ್ತದೆ. ಅದರಂತೆ ಮಾಲೀಕ ಮುಂಗಡವಾಗಿ ಹಣ ಕಳಿಸುತ್ತಾನೆ. ನಿರ್ವಾಹಕನಿಗೆ ಸಿಗುವುದು ಗೊತ್ತುಪಡಿಸಿದ ಶುಲ್ಕ. ಸಾಗಣೆ ದರ ಏರಿದರೂ ಇಳಿದರೂ ಅದರ ಲಾಭ ನಷ್ಟ ಅವನದಲ್ಲ.

ಈ ಸಂಬಂಧಕ್ಕೆ 'ಬಿಮ್ಕೊ' ಎಂಬ ಅಂತರರಾಷ್ಟ್ರೀಯ ಹಡಗು ಸಂಘವು 1988ರಲ್ಲಿ 'ಶಿಪ್‌ಮ್ಯಾನ್' ಎಂಬ ಮಾದರಿ ಒಪ್ಪಂದವನ್ನು ರೂಪಿಸಿತು. ನಿರ್ವಾಹಕ ಇಲ್ಲಿ ಮಾಲೀಕನ ಪರವಾಗಿ ವರ್ತಿಸುವ ಏಜೆಂಟ್. ಅವನ ನಿರ್ಲಕ್ಷ್ಯದಿಂದ ನಷ್ಟವಾದರೂ ತೆರಬೇಕಾದ ಪರಿಹಾರಕ್ಕೆ 2009ರ ಆವೃತ್ತಿ ಸಾಮಾನ್ಯವಾಗಿ ವಾರ್ಷಿಕ ಶುಲ್ಕದ ಹತ್ತರಷ್ಟು ಎಂಬ ಮಿತಿ ಹಾಕಿತ್ತು. ಕೋಟಿಗಟ್ಟಲೆ ಬೆಲೆಯ ಹಡಗಿನ ಮುಂದೆ ಇದು ಸಣ್ಣ ಮೊತ್ತ. ದೊಡ್ಡ ನಷ್ಟ ಹೊರುವುದು ಮಾಲೀಕನ ವಿಮೆ.

ಹಣದ ಹೊಣೆಗೆ ಮಿತಿಯಿದ್ದರೂ ಸುರಕ್ಷತೆಯ ಹೊಣೆ ಹಗುರವಲ್ಲ. 1987ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಮುಂಬಾಗಿಲು ಮುಚ್ಚದೆಯೇ ಹೊರಟು ಮಗುಚಿತು; 193 ಮಂದಿ ಸತ್ತರು. ತಪ್ಪು ಹಡಗಿನ ಮೇಲಿದ್ದವರದಷ್ಟೇ ಅಲ್ಲ, ದಡದ ಕಚೇರಿಯದೂ ಹೌದೆಂದು ವಿಚಾರಣೆ ಹೇಳಿತು. ಇಂಥ ದುರಂತಗಳ ಪಾಠದಿಂದ ಹುಟ್ಟಿದ ಅಂತರರಾಷ್ಟ್ರೀಯ ಸುರಕ್ಷತಾ ನಿರ್ವಹಣಾ ಸಂಹಿತೆ 1998ರಿಂದ ಕಡ್ಡಾಯವಾಯಿತು. ಹಡಗು ನಡೆಸುವ ಹೊಣೆ ವಹಿಸಿಕೊಂಡವರು ಸಂಹಿತೆಯ ಕರ್ತವ್ಯಗಳನ್ನೂ ವಹಿಸಿಕೊಳ್ಳಲೇಬೇಕು. ನಾವಿಕರ ದೂರನ್ನು ಕಂಪೆನಿಯ ಅತ್ಯುನ್ನತ ಅಧಿಕಾರಿಗೆ ನೇರವಾಗಿ ಮುಟ್ಟಿಸಬಲ್ಲ ಒಬ್ಬರು ದಡದಲ್ಲಿರಬೇಕು. ಸುರಕ್ಷತೆಯ ವಿಷಯದಲ್ಲಿ ಕ್ಯಾಪ್ಟನ್‌ನದೇ ಅಂತಿಮ ಮಾತು.

ಆದರೂ ಇಕ್ಕಟ್ಟು ತಪ್ಪಿಲ್ಲ. ಖರ್ಚು ತಗ್ಗಿಸು ಎನ್ನುವ ಮಾಲೀಕ ನೋಟಿಸು ಕೊಟ್ಟು ನಿರ್ವಾಹಕನನ್ನೇ ಬದಲಿಸಬಲ್ಲ. ಆ ಭಯಕ್ಕೆ ದುರಸ್ತಿಯನ್ನು ಮುಂದೂಡಿದರೆ ಅಪಾಯ ಎದುರಾಗುವುದು ಹಡಗಿನಲ್ಲಿರುವವರಿಗೆ. 'ಎವರ್ ಗಿವನ್' ತೇಲಿದ ಮೇಲೂ ಕಾಲುವೆ ಪ್ರಾಧಿಕಾರ ಮೊದಲಿಗೆ 91 ಕೋಟಿಗೂ ಹೆಚ್ಚು ಡಾಲರ್ ಪರಿಹಾರ ಕೇಳಿತು. ವಿವಾದ ಮುಗಿದು ಜುಲೈ 7ರಂದು ಹಡಗು ಹೊರಡುವವರೆಗೆ ಬಹುತೇಕ ನಾವಿಕರು ಗ್ರೇಟ್ ಬಿಟರ್ ಸರೋವರದಲ್ಲೇ ಕಾಯಬೇಕಾಯಿತು.

ಅದಕ್ಕಾಗಿಯೇ 2006ರಲ್ಲಿ ರೂಪುಗೊಂಡು 2013ರಲ್ಲಿ ಜಾರಿಯಾದ ಕಡಲ ಕಾರ್ಮಿಕ ಒಪ್ಪಂದವು, ಹಡಗು ನಡೆಸುವ ಹೊಣೆ ಹೊತ್ತ ನಿರ್ವಾಹಕನನ್ನೂ 'ಹಡಗಿನ ಮಾಲೀಕ' ಎಂಬ ಪದದೊಳಗೇ ಸೇರಿಸಿದೆ. ಸಂಬಳ, ಊಟ, ಚಿಕಿತ್ಸೆ, ಊರಿಗೆ ಮರಳುವ ಟಿಕೆಟ್ಟಿಗೆ ನಾವಿಕ ಆತನನ್ನು ಕೇಳಬಹುದು. ಕರಾವಳಿಯಿಂದ ಹಡಗು ಹತ್ತಲು ಹೊರಡುವ ಯುವಕರು ನೇಮಕ ಮಾಡುವ ಸಂಸ್ಥೆಗೆ ಸರಕಾರದ ಪರವಾನಗಿ ಇದೆಯೇ ಎಂದು ನೋಡಬೇಕು. ಕೆಲಸ ಕೊಡಿಸಲು ಅವರಿಂದ ಹಣ ಪಡೆಯುವಂತಿಲ್ಲ. ಒಪ್ಪಂದದಲ್ಲಿ ಮಾಲೀಕನೆಂದು ಯಾರ ಹೆಸರಿದೆ ಎಂಬುದನ್ನೂ ಸಹಿ ಹಾಕುವ ಮೊದಲೇ ತಿಳಿದಿರುವುದು ಒಳ್ಳೆಯದು.