ಪ್ರವಾಸಿ ಟ್ರೇಲರ್‌ನ ಚಕ್ರ ಬದಲಾವಣೆ

ಕಾರು ಅಥವಾ ಪಿಕಪ್ ವಾಹನದ ಹಿಂದೆ ಎಳೆದೊಯ್ಯುವ ವಾಸಯೋಗ್ಯ ಟ್ರೇಲರ್‌ನ ಟೈರು ಪಂಕ್ಚರ್ ಆದಾಗ ಅಥವಾ ಒಡೆದಾಗ, ಅದನ್ನು ಸುರಕ್ಷಿತವಾಗಿ ಎತ್ತಿ ಬೇರೆ ಚಕ್ರವನ್ನು ಜೋಡಿಸುವ ಕ್ರಮವನ್ನು ಪ್ರವಾಸಿ ಟ್ರೇಲರ್‌ನ ಚಕ್ರ ಬದಲಾವಣೆ ಎನ್ನಬಹುದು. ಹಾಸಿಗೆ, ಅಡುಗೆಮನೆ, ಶೌಚಾಲಯಗಳನ್ನು ಒಳಗೊಂಡ ಇಂತಹ ಟ್ರೇಲರ್‌ಗಳು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಇವಕ್ಕೆ ಕ್ಯಾರವಾನ್ ಎಂದು ಹೆಸರು. ಕರ್ನಾಟಕದಲ್ಲಿ ಟ್ರೇಲರ್ ಎಂದೊಡನೆ ನೆನಪಾಗುವ, ಟ್ರ್ಯಾಕ್ಟರಿಗೆ ಕಟ್ಟುವ ಗಾಡಿ ಈ ಲೇಖನದ ವಿಷಯವಲ್ಲ.

ಕಾರಿನ ಚಕ್ರ ಬದಲಿಸುವ ಕ್ರಮವನ್ನೇ ಟ್ರೇಲರ್‌ಗೂ ಅನ್ವಯಿಸುವುದು ಅಪಾಯಕರ. ಟ್ರೇಲರ್‌ಗೆ ಎಂಜಿನ್ನಾಗಲಿ ಗೇರಾಗಲಿ ಇಲ್ಲ. ಅಮೆರಿಕದ ಬಹುಪಾಲು ಟ್ರೇಲರ್‌ಗಳಿಗೆ ಕೈಬ್ರೇಕೂ ಇಲ್ಲ. ಆದುದರಿಂದ ಅದು ಉರುಳದಂತೆ ತಡೆಯುವುದು ಮತ್ತು ಭಾರವನ್ನು ಸರಿಯಾದ ಜಾಗದಲ್ಲಿ ಹೊರಿಸುವುದು ಈ ಕೆಲಸದ ಎರಡು ಮುಖ್ಯ ಅಂಶಗಳಾಗಿವೆ.

ರಚನೆ

ಟ್ರೇಲರ್‌ನ ಮನೆಯಂತಹ ಭಾಗವು ಉಕ್ಕಿನ ಚೌಕಟ್ಟಿನ ಮೇಲೆ ನಿಂತಿರುತ್ತದೆ. ಇದನ್ನು ಚಾಸಿ ಎನ್ನುತ್ತಾರೆ. ಚೌಕಟ್ಟಿನ ಕೆಳಗೆ ಸ್ಪ್ರಿಂಗ್‌ಗಳೂ ಅವಕ್ಕೆ ಹೊಂದಿಕೊಂಡು ಒಂದು ಅಥವಾ ಎರಡು ಅಚ್ಚುಗಳೂ ಇರುತ್ತವೆ. ದೊಡ್ಡ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಅಚ್ಚು, ನಾಲ್ಕು ಚಕ್ರ. ಮುಂಭಾಗದ ಕೊಂಡಿಯು ಎಳೆಯುವ ವಾಹನಕ್ಕೆ ಸೇರಿಕೊಳ್ಳುತ್ತದೆ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಈ ಕೊಂಡಿಯ ಮೇಲೆ ಬೀಳುತ್ತದೆ. ಉಳಿದದ್ದನ್ನು ಚಕ್ರಗಳು ಹೊರುತ್ತವೆ.

ಟ್ರೇಲರ್‌ನ ನಾಲ್ಕು ಮೂಲೆಗಳಲ್ಲಿ ಚಿಕ್ಕ ಕತ್ತರಿ ಜಾಕ್‌ಗಳಿರುವುದುಂಟು. ನಿಲ್ಲಿಸಿದ ಟ್ರೇಲರ್ ಅಲುಗಾಡದಂತೆ ಆಸರೆ ನೀಡುವುದಷ್ಟೇ ಇವುಗಳ ಉದ್ದೇಶ. ಇವುಗಳಿಂದ ಟ್ರೇಲರನ್ನು ಎತ್ತಲು ಯತ್ನಿಸಿದರೆ ಜಾಕ್ ಮುರಿಯಬಹುದು, ಚೌಕಟ್ಟೂ ತಿರುಚಿಕೊಳ್ಳಬಹುದು.

ಎತ್ತುವ ಸ್ಥಳ

ಜಾಕನ್ನು ಅಚ್ಚಿನ ಕೆಳಗಿಡುವುದು ಇಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪು. ಟ್ರೇಲರ್‌ನ ಅಚ್ಚು ಹೆಚ್ಚಾಗಿ ಟೊಳ್ಳಾದ ಉಕ್ಕಿನ ಕೊಳವೆ. ಅದರ ರಚನೆ ಎರಡೂ ತುದಿಗಳಲ್ಲಿ ಚಕ್ರದ ಮೂಲಕ ಭಾರ ಹೊರುವುದಕ್ಕೆ ತಕ್ಕುದಾಗಿದೆಯೇ ಹೊರತು ನಡುವೆ ಕೆಳಗಿನಿಂದ ಬರುವ ಒತ್ತಡವನ್ನು ತಡೆಯುವುದಕ್ಕಲ್ಲ. ಅಚ್ಚು ಸ್ವಲ್ಪ ಬಾಗಿದರೂ ಚಕ್ರಗಳ ಸಾಲು ತಪ್ಪುತ್ತದೆ. ಕಣ್ಣಿಗೆ ಕಾಣದ ಈ ದೋಷದಿಂದ ಹೊಸ ಟೈರೂ ಒಂದು ಬದಿಗೆ ಸವೆದು ಬೇಗನೆ ಹಾಳಾಗುತ್ತದೆ. ಅಮೆರಿಕದ ಅಚ್ಚು ತಯಾರಕ ಸಂಸ್ಥೆಯಾದ ಡೆಕ್ಸ್‌ಟರ್ ತನ್ನ ಕೈಪಿಡಿಯಲ್ಲಿ, ಅಚ್ಚು ಅಥವಾ ಸ್ಪ್ರಿಂಗ್ ವ್ಯವಸ್ಥೆಯ ಯಾವ ಭಾಗದಿಂದಲೂ ಟ್ರೇಲರನ್ನು ಎತ್ತಬಾರದೆಂದು ಎಚ್ಚರಿಸುತ್ತದೆ.

ಚಕ್ರಗಳಿಗೆ ಸಮೀಪದ ಮುಖ್ಯ ಚೌಕಟ್ಟೇ ಜಾಕ್ ಇಡಲು ತಕ್ಕ ಜಾಗ. ಕೆಲವು ತಯಾರಕರು ಇದಕ್ಕೆಂದೇ ಚೌಕಟ್ಟಿನಲ್ಲಿ ಗುರುತು ಅಥವಾ ದಪ್ಪ ತಗಡನ್ನು ಒದಗಿಸಿರುತ್ತಾರೆ. ನಿಖರವಾದ ಜಾಗಕ್ಕೆ ಆಯಾ ಟ್ರೇಲರ್‌ನ ಕೈಪಿಡಿಯೇ ಪ್ರಮಾಣ.

ಭಾರದ ಲೆಕ್ಕ

ಉದಾಹರಣೆಗೆ, 3,000 ಕಿಲೋಗ್ರಾಂ ತೂಗುವ ಟ್ರೇಲರ್‌ನ ಶೇಕಡಾ 12 ಭಾಗ, ಎಂದರೆ 360 ಕಿಲೋಗ್ರಾಂ, ಕೊಂಡಿಯ ಮೇಲಿದೆ ಎಂದಿಟ್ಟುಕೊಳ್ಳೋಣ. ಉಳಿದ 2,640 ಕಿಲೋಗ್ರಾಂನಲ್ಲಿ ಒಂದು ಬದಿಯ ಚಕ್ರಗಳ ಪಾಲು ಸುಮಾರು 1,320. ಒಳಗಿನ ಸಾಮಾನು ಒಂದೇ ಬದಿಗಿದ್ದರೆ ಆ ಬದಿಯ ಭಾರ ಇನ್ನೂ ಹೆಚ್ಚು. ಆದ್ದರಿಂದ ಇಂತಹ ಟ್ರೇಲರ್‌ಗೆ ಕನಿಷ್ಠ 2 ಟನ್ ಸಾಮರ್ಥ್ಯದ ಜಾಕ್ ಬೇಕು. ಸಣ್ಣ ಕಾರಿನ ಜೊತೆ ಬರುವ ಜಾಕ್ ಇದಕ್ಕೆ ಸಾಲದು.

ನೆಲದ ಗಟ್ಟಿತನವೂ ಅಷ್ಟೇ ಮುಖ್ಯ. ಜಾಕಿನ ತಳ 10 ಸೆಂಟಿಮೀಟರ್ ಉದ್ದಗಲದ್ದಾದರೆ 1,320 ಕಿಲೋಗ್ರಾಂ ಭಾರವು 100 ಚದರ ಸೆಂಟಿಮೀಟರ್ ಮೇಲೆ ಬಿದ್ದು, ಪ್ರತಿ ಚದರ ಸೆಂಟಿಮೀಟರಿಗೆ 13 ಕಿಲೋಗ್ರಾಂ ಮೀರುತ್ತದೆ. ಮೆತ್ತನೆಯ ಮಣ್ಣಿನಲ್ಲಿ ಜಾಕ್ ಕುಸಿದು ವಾಲುತ್ತದೆ. ಕೆಳಗೆ 30 ಸೆಂಟಿಮೀಟರ್ ಉದ್ದಗಲದ ದಪ್ಪ ಹಲಗೆಯನ್ನಿಟ್ಟರೆ ಆ ಒತ್ತಡ ಸುಮಾರು ಒಂದೂವರೆ ಕಿಲೋಗ್ರಾಂಗೆ ಇಳಿಯುತ್ತದೆ.

ಕ್ರಮ

1. ವಾಹನವನ್ನು ಸಂಚಾರದಿಂದ ಆದಷ್ಟು ದೂರ, ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು. ಕೆಟ್ಟ ಚಕ್ರ ವಾಹನಗಳು ಓಡಾಡುವ ಬದಿಗಿದ್ದು ಜಾಗ ಕಿರಿದಾಗಿದ್ದರೆ, ಸ್ವತಃ ಕೆಲಸಕ್ಕಿಳಿಯದೆ ರಸ್ತೆ ನೆರವು ಸೇವೆಯನ್ನು ಕರೆಯುವುದು ವಿವೇಕ.
2. ಎಚ್ಚರಿಕೆ ದೀಪಗಳನ್ನು ಹಾಕಿ, ಹಿಂದೆ ತ್ರಿಕೋನ ಫಲಕಗಳನ್ನು ಇಡಬೇಕು. ಟ್ರೇಲರ್ ಒಳಗೆ ಯಾರೂ ಇರಕೂಡದು.
3. ಟ್ರೇಲರನ್ನು ಎಳೆಯುವ ವಾಹನದಿಂದ ಬಿಡಿಸಬಾರದು. ಆ ವಾಹನದ ಕೈಬ್ರೇಕನ್ನು ಹಾಕಿರಬೇಕು.
4. ಎತ್ತದ ಬದಿಯ ಚಕ್ರಗಳ ಹಿಂದೆ ಮುಂದೆ ಬೆಣೆಗಳನ್ನು ಬಿಗಿಯಾಗಿ ಕೊಡಬೇಕು.
5. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಟ್ರೇಲರ್ ಜಾಕಿನಿಂದ ಜಾರಬಹುದು.
6. ಹಲಗೆಯ ಮೇಲೆ ಜಾಕ್ ಇಟ್ಟು, ಚಕ್ರ ನೆಲ ಬಿಡುವಷ್ಟು ಮಾತ್ರ ನಿಧಾನವಾಗಿ ಎತ್ತಬೇಕು.
7. ಚೌಕಟ್ಟಿನ ಕೆಳಗೆ ಉಕ್ಕಿನ ಆಸರೆ ಕಂಬವನ್ನಿಟ್ಟು, ಭಾರವನ್ನು ಅದರ ಮೇಲೆ ಇಳಿಸಬೇಕು. ನಂತರವೇ ಚಕ್ರವನ್ನು ತೆಗೆಯಬೇಕು.

ಜಾಕ್ ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಹೈಡ್ರಾಲಿಕ್ ಜಾಕಿನಲ್ಲಿ ಎಣ್ಣೆಯ ಒತ್ತಡವೇ ಭಾರವನ್ನು ಹಿಡಿದಿರುವುದರಿಂದ, ಒಳಗಿನ ಒಂದು ವಾಷರ್ ಸೋತರೂ ಅದು ಕುಸಿಯುತ್ತದೆ. ಆಸರೆ ಕಂಬವಿದ್ದರೂ ದೇಹದ ಯಾವ ಭಾಗವನ್ನೂ ಟ್ರೇಲರ್ ಕೆಳಗೆ ಚಾಚಬಾರದು.

ಇಳಿಜಾರು ದಿಮ್ಮಿಯ ವಿಧಾನ

ಎರಡು ಅಚ್ಚುಗಳ ಟ್ರೇಲರ್‌ಗಳಲ್ಲಿ ಜಾಕ್ ಇಲ್ಲದೆಯೂ ಚಕ್ರ ಬದಲಿಸುವ ಉಪಾಯವಿದೆ. ಅದೇ ಬದಿಯ ಸುಸ್ಥಿತಿಯ ಚಕ್ರವನ್ನು ಇಳಿಜಾರು ದಿಮ್ಮಿಯ ಮೇಲೆ ಹತ್ತಿಸಿದರೆ, ಕೆಟ್ಟ ಚಕ್ರ ತಾನಾಗಿ ನೆಲದಿಂದ ಮೇಲೇಳುತ್ತದೆ. ಚೌಕಟ್ಟಿಗೆ ತೊಂದರೆಯಿಲ್ಲದ ಸರಳ ವಿಧಾನವಿದು. ಆದರೆ ಎರಡು ಚಕ್ರಗಳ ಭಾರ ಒಂದರ ಮೇಲೆ ಬೀಳುವುದರಿಂದ ಕೆಲಸ ಬೇಗ ಮುಗಿಯಬೇಕು. ಬೆಣೆಗಳು ಇಲ್ಲಿಯೂ ಅನಿವಾರ್ಯ. ಒಂದೇ ಬದಿಯ ಎರಡೂ ಟೈರುಗಳು ಕೆಟ್ಟಿದ್ದರೆ ಈ ವಿಧಾನ ಒದಗದು.

ಚಕ್ರ ಜೋಡಿಸಿದ ನಂತರ

ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ, ಬಳಿಕ ಒಂದಕ್ಕೆದುರು ಇನ್ನೊಂದರಂತೆ ನಕ್ಷತ್ರದಾಕಾರದಲ್ಲಿ ಬಿಗಿಯಬೇಕು. ಕೊನೆಯ ಬಿಗಿತವನ್ನು ಚಕ್ರ ನೆಲಕ್ಕಿಳಿದ ಮೇಲೆ ಟಾರ್ಕ್ ಸ್ಪ್ಯಾನರ್‌ನಿಂದ ಕೊಡಬೇಕು. ಅರ್ಧ ಅಂಗುಲದ ಬೋಲ್ಟುಗಳಿಗೆ ಸಾಮಾನ್ಯವಾಗಿ 120ರಿಂದ 160 ನ್ಯೂಟನ್-ಮೀಟರ್ ಸೂಚಿಸಲಾಗುತ್ತದೆ. ಓಡಾಟದಲ್ಲಿ ನಟ್ಟುಗಳು ಸಡಿಲಗೊಳ್ಳುವುದರಿಂದ 10, 25 ಮತ್ತು 50 ಮೈಲಿಗಳ ನಂತರ, ಎಂದರೆ ಸುಮಾರು 16, 40 ಮತ್ತು 80 ಕಿಲೋಮೀಟರ್‌ಗಳಲ್ಲಿ, ಮರುಪರೀಕ್ಷೆ ಮಾಡುವುದು ರೂಢಿ.

ಮುನ್ನೆಚ್ಚರಿಕೆ

ಕಡಿಮೆ ಗಾಳಿ, ಅತಿಭಾರ ಮತ್ತು ವಯಸ್ಸು ಟ್ರೇಲರ್ ಟೈರುಗಳು ಒಡೆಯಲು ಮುಖ್ಯ ಕಾರಣಗಳು. ವರ್ಷದ ಬಹುಕಾಲ ಬಿಸಿಲಿನಲ್ಲಿ ನಿಂತೇ ಇರುವ ಟೈರಿನ ರಬ್ಬರು, ಹೊರಗಿನ ಅಚ್ಚು ಸವೆಯದಿದ್ದರೂ, ಒಳಗೇ ಸತ್ವ ಕಳೆದುಕೊಳ್ಳುತ್ತದೆ. ಅಮೆರಿಕದಲ್ಲಿ 2000ದಿಂದೀಚೆಗೆ ತಯಾರಾದ ಟೈರಿನ ಬದಿಯಲ್ಲಿರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದರ ವಯಸ್ಸನ್ನು ತಿಳಿಸುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹೊರಡುವ ಮುನ್ನ ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆಯಬೇಕು. ಸ್ಟೆಪ್ನಿಯ ಗಾಳಿಯನ್ನೂ ಮರೆಯಬಾರದು.