ಮರೆವಿನ ಹಿರಿಯರಿಗೆ ಆಸರೆ: ಕಾನೂನಿನ ಮಾತು, ಆರೈಕೆಯ ರೀತಿ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ನಾಡಿನಲ್ಲಿ ಎಷ್ಟು ಹಳೆಯದೋ ಅಷ್ಟೇ ಹಾನಿಕರವೂ ಆಗಿದೆ. ಮನೆಯ ಹಿರಿಯರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ಹುಟ್ಟಿ ಬೆಳೆದ ಬೀದಿಯಲ್ಲೇ ದಾರಿ ತಪ್ಪಿದರೆ, ಸೊಸೆಯ ಮೇಲೆ ಕಳ್ಳತನದ ಅಪವಾದ ಹೊರಿಸಿದರೆ, ನಾವು ಈ ಗಾದೆಯನ್ನು ಹೇಳಿ ಸುಮ್ಮನಾಗುತ್ತೇವೆ. ವೈದ್ಯಶಾಸ್ತ್ರ ಇದನ್ನು ವಯೋಧರ್ಮವೆಂದು ಒಪ್ಪುವುದಿಲ್ಲ. ಡಿಮೆನ್ಷಿಯಾ ಎಂಬುದು ಮಿದುಳಿನ ಕಾಯಿಲೆಗಳಿಂದ ಉಂಟಾಗುವ ಸ್ಥಿತಿ. ಆಲ್ಝೈಮರ್ ಕಾಯಿಲೆ ಅವುಗಳಲ್ಲಿ ಮುಖ್ಯವಾದುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಈ ಸ್ಥಿತಿಯಲ್ಲಿದ್ದಾರೆ. ಪಟ್ಟಣಗಳಲ್ಲಿ ಶೇಕಡಾ 5.3 ಇರುವ ಪ್ರಮಾಣ ಹಳ್ಳಿಗಳಲ್ಲಿ 8.4 ಇದೆ. ಇದು ಪೇಟೆಯವರ ಕಾಯಿಲೆಯೆಂದು ತಿಳಿದವರು ಈ ಅಂಕಿಗಳನ್ನು ಗಮನಿಸಬೇಕು.

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಂಥ ಹೋಬಳಿ ಕೇಂದ್ರದಲ್ಲಿ ಈ ಸಮಸ್ಯೆಗೆ ಬೇರೊಂದು ಮುಖವೂ ಇದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಡಲೆಕಾಯಿ ಬೆಳೆಯನ್ನೂ ರೇಷ್ಮೆ ಸೀರೆಯ ಮಗ್ಗವನ್ನೂ ನಂಬಿ ಬದುಕಿದ ತಲೆಮಾರು ಇಂದು ಮುಪ್ಪಿಗೆ ಬಂದಿದೆ. ಮಕ್ಕಳಲ್ಲಿ ಅನೇಕರು ಬೆಂಗಳೂರು, ತುಮಕೂರುಗಳಲ್ಲಿ ನೆಲೆಸಿದ್ದಾರೆ. ಊರಿನ ಹಳೆಯ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದು, ಅವರಲ್ಲಿ ಒಬ್ಬರಿಗೆ ಮರೆವು ಅಡರಿದಾಗ ಮತ್ತೊಬ್ಬರು ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟು ಸಂಭಾಳಿಸುತ್ತಾರೆ. ಸಂಭಾಳಿಸುತ್ತಿದ್ದವರೇ ಹಾಸಿಗೆ ಹಿಡಿದ ದಿನ ಮಕ್ಕಳು ನಗರದ ವೃದ್ಧಾಶ್ರಮವನ್ನೋ ಶುಶ್ರೂಷಾಲಯವನ್ನೋ ಅವಸರದಲ್ಲಿ ಹುಡುಕತೊಡಗುತ್ತಾರೆ. ಹಾಗೆ ಹುಡುಕುವ ಮನೆಯವರಿಗೂ, ಅಂಥ ಸಂಸ್ಥೆಗಳನ್ನು ನಡೆಸುವ ಅಥವಾ ಸ್ಥಾಪಿಸಬಯಸುವ ನಮ್ಮ ಸಮಾಜದ ಮಠ, ಟ್ರಸ್ಟುಗಳಿಗೂ ಉಪಯುಕ್ತವಾಗಲೆಂದು ಈ ಲೇಖನ.

ಎಲ್ಲಕ್ಕಿಂತ ಮೊದಲು ಆಗಬೇಕಾದುದು ತಪಾಸಣೆ. ಡಿಮೆನ್ಷಿಯಾದಂತೆ ಕಾಣುವ ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ದೋಷ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿರುವುದು, ಕೆಲವು ಮಾತ್ರೆಗಳ ದುಷ್ಪರಿಣಾಮ, ಇವೆಲ್ಲ ಅದೇ ವೇಷದಲ್ಲಿ ಬರುತ್ತವೆ ಮತ್ತು ಚಿಕಿತ್ಸೆಯಿಂದ ಸುಧಾರಿಸಬಲ್ಲವು. ನಮ್ಮ ಸಮಾಜದವರು ವಿಶೇಷವಾಗಿ ಗಮನಿಸಬೇಕಾದುದು ಬಿ-12 ಜೀವಸತ್ವದ ಕೊರತೆ. ಇದು ಮಾಂಸಾಹಾರದಲ್ಲಿ ಹೇರಳವಾಗಿದ್ದು, ಸಸ್ಯಾಹಾರಿಗಳಿಗೆ ಹಾಲು ಮೊಸರುಗಳಿಂದ ಮಾತ್ರ ಅಲ್ಪಸ್ವಲ್ಪ ದೊರೆಯುತ್ತದೆ. ವಯಸ್ಸಾದಂತೆ ಹಾಲು ಬಿಟ್ಟು ಬರಿಯ ಗಂಜಿಗೆ ಇಳಿದ ಹಿರಿಯರಲ್ಲಿ ಇದರ ಕೊರತೆ ಸಹಜ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಯಾವುದೇ ಆಶ್ರಮಕ್ಕೆ ಸೇರಿಸುವ ಮುನ್ನ ಇಷ್ಟನ್ನಾದರೂ ಮಾಡಿಸದಿದ್ದರೆ ಅದು ಹಿರಿಯರಿಗೆ ಬಗೆಯುವ ಅನ್ಯಾಯವೇ ಸರಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರಗಳು ಸೇರಿ 2022ರಲ್ಲಿ ಮಿದುಳು ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಮೊದಲು ನಡೆದ ಈ ಪ್ರಯೋಗದ ಉದ್ದೇಶ, ಇಂಥ ಕಾಯಿಲೆಗಳನ್ನು ಜಿಲ್ಲಾ ಮಟ್ಟದಲ್ಲೇ ಗುರುತಿಸುವುದು. ಆದ್ದರಿಂದ ನೇರ ಬೆಂಗಳೂರಿಗೆ ಓಡುವ ಮುನ್ನ ಪಾವಗಡದ ತಾಲ್ಲೂಕು ಆಸ್ಪತ್ರೆ, ತುಮಕೂರಿನ ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸುವುದು ಲೇಸು.

ಇನ್ನು ಕಾನೂನಿನ ಮಾತು. ಖಾಸಗಿ ಶುಶ್ರೂಷಾಲಯಗಳೆಲ್ಲವೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿಯಾಗಿರಬೇಕೆಂಬುದು ಬಹುಜನಕ್ಕೆ ತಿಳಿದಿದೆ. ಅದೇ ವರ್ಷ ಕೇಂದ್ರ ಸರ್ಕಾರ ತಂದ ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯೂ ಪರಿಚಿತವೇ. ಹಿರಿಯರನ್ನು ತೊರೆದು ಹೋಗುವವರಿಗೆ ಅದು ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಒಂದು ವೃದ್ಧಾಶ್ರಮವನ್ನು ಸರ್ಕಾರ ‘ಸ್ಥಾಪಿಸಬಹುದು’ ಎಂದೂ ಅದು ಹೇಳುತ್ತದೆ. ‘ಬಹುದು’ ಎಂಬ ಆ ಮೂರಕ್ಷರದಲ್ಲಿ ಎಷ್ಟು ಹೊಣೆ ಜಾರಿಹೋಗಿದೆಯೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಆದರೆ ಮರೆವಿನ ಕಾಯಿಲೆಯವರ ಪಾಲಿಗೆ ಇವೆರಡಕ್ಕಿಂತ ಮುಖ್ಯವಾದುದೂ, ಆಶ್ರಮಗಳನ್ನು ನಡೆಸುವವರಲ್ಲಿ ಅನೇಕರ ಗಮನಕ್ಕೆ ಬಾರದುದೂ ಆದ ಕಾಯಿದೆ ಇನ್ನೊಂದಿದೆ. ಅದೇ 29 ಮೇ 2018ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017. ಇದರಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯೆಯು ಆಲೋಚನೆ, ಭಾವನೆಗಳ ಜೊತೆಗೆ ನೆನಪಿನ ಮತ್ತು ಸ್ಥಳಕಾಲಗಳ ಅರಿವಿನ ಗಂಭೀರ ದೋಷವನ್ನೂ ಒಳಗೊಂಡಿದೆ. ಅಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆ, ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ, ‘ಮಾನಸಿಕ ಆರೋಗ್ಯ ಸಂಸ್ಥೆ’ಯ ವ್ಯಾಖ್ಯೆಯೊಳಗೆ ಬರುತ್ತದೆ. ಬಂಧುಗಳೊಡನೆ ವಾಸಿಸುವ ಮನೆಗೆ ಮಾತ್ರ ವಿನಾಯಿತಿ. ಹೊರಗೆ ‘ವೃದ್ಧಾಶ್ರಮ’ ಎಂಬ ಫಲಕವಿದ್ದರೂ ಒಳಗೆ ಡಿಮೆನ್ಷಿಯಾ ರೋಗಿಗಳಿಗಾಗಿ ಒಂದು ವಿಭಾಗವಿದ್ದರೆ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯ ಪ್ರಶ್ನೆ ಎದುರಾಗುತ್ತದೆ. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಬಾರಿಗೆ ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿವರೆಗೆ ದಂಡ. ಮುಂದುವರಿಸಿದರೆ ಅದು ಐದು ಲಕ್ಷದವರೆಗೆ ಏರಬಲ್ಲದು.

ದಂಡಕ್ಕಿಂತ ಗಮನಾರ್ಹವಾದುದು ಈ ಕಾಯಿದೆ ನಿಷೇಧಿಸುವ ಸಂಗತಿಗಳು. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಬಂಧಿಸುವಂತಿಲ್ಲ. ಒಂಟಿಯಾಗಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಕೈಕಾಲು ಕಟ್ಟಿಹಾಕುವುದಾದರೆ, ತತ್‌ಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಹೊಣೆಹೊತ್ತ ಮನೋವೈದ್ಯರ ಅನುಮತಿಯಿಂದ, ಅತ್ಯಗತ್ಯವಾದಷ್ಟು ಹೊತ್ತು ಮಾತ್ರ. ಕಾರಣವನ್ನೂ ಅವಧಿಯನ್ನೂ ದಾಖಲೆಯಲ್ಲಿ ಬರೆಯಬೇಕು. ಇಪ್ಪತ್ತನಾಲ್ಕು ಗಂಟೆಗಳೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು. ಸಿಬ್ಬಂದಿ ಸಾಲದು ಎಂಬುದು ಕಟ್ಟಿಹಾಕಲು ಕಾರಣವಾಗದೆಂದೂ, ಅದು ಶಿಕ್ಷೆಯ ರೂಪವಾಗಬಾರದೆಂದೂ ಕಾಯಿದೆ ಸ್ಪಷ್ಟಪಡಿಸಿದೆ.

ಹಗ್ಗವಿಲ್ಲದೆಯೂ ಕಟ್ಟಿಹಾಕಬಹುದೆಂಬುದನ್ನು ಇಲ್ಲಿ ಹೇಳಲೇಬೇಕು. ರಾತ್ರಿ ಎದ್ದು ತಿರುಗುವ ಅಜ್ಜನಿಗೆ ಮಂಪರಿನ ಮಾತ್ರೆ ಕೊಟ್ಟು ಮಲಗಿಸಿಬಿಡುವುದು ಕಡಿಮೆ ಸಂಬಳದ, ಕಡಿಮೆ ಕೈಗಳ ಸಂಸ್ಥೆಗಳಿಗೆ ಸುಲಭೋಪಾಯ. ಅಮೆರಿಕದಲ್ಲಿ ಇಂಥ ದೂರುಗಳು ಹೆಚ್ಚಿದ ಮೇಲೆ, 1987ರ ಕಾನೂನು ಶುಶ್ರೂಷಾಲಯವಾಸಿಗಳಿಗೆ ಹಗ್ಗದ ಬಂಧನ ಮತ್ತು ಔಷಧದ ಬಂಧನ ಎರಡರಿಂದಲೂ ಮುಕ್ತರಾಗಿರುವ ಹಕ್ಕನ್ನು ನೀಡಿತು. 2005ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು, ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಚಿತ್ತವಿಕಲತೆಯ ಮಾತ್ರೆಗಳು ಸಾವಿನ ಸಂಭವವನ್ನು ಹೆಚ್ಚಿಸುತ್ತವೆಂದು ಎಚ್ಚರಿಸಿತು. ಕೆಲವೊಮ್ಮೆ ಅವು ಅನಿವಾರ್ಯವಾಗಬಹುದು. ಆದರೆ ಯಾರು ಬರೆದುಕೊಟ್ಟರು, ಏತಕ್ಕಾಗಿ, ಎಷ್ಟು ದಿನಕ್ಕೆ, ಮತ್ತೆ ಯಾವಾಗ ಪರಿಶೀಲಿಸುತ್ತಾರೆ ಎಂದು ಕೇಳುವುದು ಮಕ್ಕಳ ಹಕ್ಕು. ಶಾಂತವಾಗಿದ್ದ ಹಿರಿಯರು ಒಂದೆರಡು ದಿನಗಳಲ್ಲಿ ಹಠಾತ್ತನೆ ಕೆರಳಿದರೆ ಮಾತ್ರೆಗಿಂತ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು ಇವೆಯೇ ಎಂದು ನೋಡಬೇಕು. ನೋವಿದೆಯೆಂದು ಬಾಯಿಬಿಟ್ಟು ಹೇಳಲಾರದವರು ಅದನ್ನು ಸಿಟ್ಟಿನಿಂದ ಹೇಳುತ್ತಾರೆ.

ಈ ಕಾಯಿದೆ ಡಿಮೆನ್ಷಿಯಾ ಗೃಹಗಳಿಗೆ ಸಂಪೂರ್ಣವಾಗಿ ಹೊಂದುತ್ತದೆಯೆಂದು ಹೇಳಲಾರೆ. ಮೂವತ್ತು ದಿನಗಳ ದಾಖಲಾತಿ, ಮುಂದುವರಿಸಲು ಮಂಡಳಿಯ ಒಪ್ಪಿಗೆ ಮುಂತಾದ ನಿಯಮಗಳು ಗುಣಹೊಂದಿ ಮನೆಗೆ ಮರಳುವ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದಂತಿವೆ. ಕೊನೆಯವರೆಗೂ ಅಲ್ಲೇ ಇರಬೇಕಾದವರಿಗೆ ಅವು ತೊಡಕು. ಆದರೂ ಬಂಧನದ ಕುರಿತ ನಿಯಮಗಳು ಮಾತ್ರ ಹಿರಿಯರ ಘನತೆಗೆ ದೊರೆತ ಕವಚವೆಂಬುದರಲ್ಲಿ ಸಂದೇಹವಿಲ್ಲ.

ಇದೇ ಕಾಯಿದೆಯಲ್ಲಿ ನಮ್ಮ ಹಳ್ಳಿಗರಿಗೆ ಸುಲಭವಾಗಿ ಎಟಕುವ ಒಂದು ಸೌಲಭ್ಯವಿದೆ. ಯಾವುದೇ ವಯಸ್ಕರು ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಬಿಳಿಯ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ ನೇಮಿಸಬಹುದು. ಮರೆವಿನ ಆರಂಭದ ಹಂತದಲ್ಲಿ, ಅರಿವು ಇನ್ನೂ ಇರುವಾಗಲೇ, ತಂದೆತಾಯಿಗಳನ್ನು ಕೇಳಿ ಇದನ್ನು ಮಾಡಿಡುವುದು ಒಳಿತು. ಇದು ಆರೈಕೆಯ ವಿಷಯಕ್ಕಷ್ಟೇ ಸಂಬಂಧಿಸಿದ್ದು, ಆಸ್ತಿಗಲ್ಲ. ಅರಿವು ಅಳಿದ ಹಿರಿಯರ ಹೆಬ್ಬೆಟ್ಟನ್ನು ವಿಭಾಗಪತ್ರಕ್ಕೋ ಕ್ರಯಪತ್ರಕ್ಕೋ ಒತ್ತಿಸಿಕೊಳ್ಳುವ ಕೆಟ್ಟ ಚಾಳಿ ಅಲ್ಲಲ್ಲಿ ಇರುವುದರಿಂದ ಹೇಳಬೇಕಾಗಿದೆ: 1872ರ ಕರಾರು ಅಧಿನಿಯಮದ ಪ್ರಕಾರ ವ್ಯವಹಾರವನ್ನು ತಿಳಿದು ನಿರ್ಧರಿಸಲಾರದವರು ಮಾಡಿಕೊಂಡ ಕರಾರು ಊರ್ಜಿತವಲ್ಲ.

ಇನ್ನು ದಿನನಿತ್ಯದ ಆರೈಕೆ. ಇದನ್ನು ಪುಸ್ತಕಗಳು ಹೇಳುವುದುಂಟು; ಆದರೆ ನಮ್ಮ ಸೀಮೆಯ ಹಿರಿಯರಿಗೆ ಅನ್ವಯಿಸಿ ಹೇಳುವವರು ವಿರಳ. ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರಪ್ರದೇಶ ಸುತ್ತುವರಿದಿದೆ. ಇಲ್ಲಿನವರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ ಬೆಳೆದವರು. ಮರೆವು ಬಲಿತಂತೆ ಮನುಷ್ಯ ಬಾಲ್ಯದ ನುಡಿಗೆ ಹಿಂದಿರುಗುವುದುಂಟು. ಬೆಂಗಳೂರಿನ ಶುಶ್ರೂಷಾಲಯದ ದಾದಿ ಹಿಂದಿಯನ್ನೋ ಮಲಯಾಳವನ್ನೋ ಮಾತ್ರ ಬಲ್ಲವಳಾದರೆ, ‘ನೀರು’ ಎಂದದ್ದು ‘ನೀಳ್ಳು’ ಎಂದದ್ದು ಎರಡೂ ಅವಳಿಗೆ ಗೊಣಗಾಟವಾಗಿಯೇ ಕೇಳಿಸುತ್ತದೆ. ಹಿರಿಯರು ಬಳಸುವ ಇಪ್ಪತ್ತು ಮಾತುಗಳನ್ನು ಬರೆದು ಮಂಚದ ಬಳಿ ಅಂಟಿಸಿಡುವುದು ಖರ್ಚಿಲ್ಲದ ಉಪಕಾರ.

ಇಷ್ಟಲಿಂಗದ ವಿಷಯ ಇನ್ನೂ ಸೂಕ್ಷ್ಮವಾದುದು. ಮಕ್ಕಳ ಹೆಸರು ಮರೆತ ತಾಯಿ ಬೆಳಿಗ್ಗೆ ಸ್ನಾನವಾದೊಡನೆ ವಿಭೂತಿಗೆ ಕೈ ನೀಡುವುದುಂಟು. ಐವತ್ತು ಅರವತ್ತು ವರ್ಷ ಮಾಡಿದ ಲಿಂಗಪೂಜೆ ಕೈಯ ನೆನಪಾಗಿ ಉಳಿದಿರುತ್ತದೆ. ಕೈಯ ನೆನಪು ಮಾತಿನ ನೆನಪಿಗಿಂತ ಬಹುಕಾಲ ಬಾಳುತ್ತದೆ. ಆದ್ದರಿಂದ ಪೂಜೆಯ ಹೊತ್ತನ್ನೇ ದಿನಚರಿಯ ಗೂಟವನ್ನಾಗಿ ಮಾಡಿಕೊಳ್ಳಬೇಕು. ಸ್ಥಾವರಕ್ಕೆ ಮುಗಿಯುವ ಕೈಯಲ್ಲ, ಅಂಗೈಯಲ್ಲೇ ಹಿಡಿದ ಲಿಂಗ ಎಂಬುದನ್ನರಿಯದ ಸಿಬ್ಬಂದಿ ಅದನ್ನು ಒಡವೆಯೆಂದು ತಿಳಿದು ತೆಗೆದು ಬೀರುವಿನಲ್ಲಿಟ್ಟರೆ, ಆ ರಾತ್ರಿಯೆಲ್ಲ ಹಿರಿಯರು ಎದೆಯ ಮೇಲೆ ಕೈಯಾಡಿಸುತ್ತ ಹುಡುಕುತ್ತಾರೆ. ದಾಖಲೆಯಲ್ಲಿ ‘ಗಲಾಟೆ ಮಾಡಿದರು’ ಎಂದು ಬರೆಯಲಾಗುತ್ತದೆ. ಸೇರಿಸುವ ದಿನವೇ ಇದನ್ನು ವಿವರಿಸಬೇಕು. ಬೆಳ್ಳಿಯ ಕರಡಿಗೆಗೆ ಬದಲು ಬಟ್ಟೆಯಲ್ಲಿ ಕಟ್ಟಿಕೊಡಬಹುದು. ಶಿವದಾರ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವಿದ್ದರೆ ಗಿಡ್ಡ ಮಾಡಬಹುದು. ಸ್ಕ್ಯಾನಿಂಗ್‌ಗಾಗಿ ಲೋಹದ ಕರಡಿಗೆ ತೆಗೆಯಬೇಕಾದಾಗ ಮನೆಯವರೇ ಹತ್ತಿರವಿದ್ದು ತೆಗೆದು, ಮುಗಿದೊಡನೆ ಧರಿಸಬೇಕು.

ಊಟದ ವಿಷಯ. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಭಾಗದ ರೂಢಿ. ಕಾಯಿಲೆ ಬಲಿತಾಗ ನುಂಗುವ ಕ್ರಮವೇ ತಪ್ಪುವುದರಿಂದ, ಜೀವಮಾನವೆಲ್ಲ ಮುದ್ದೆಯುಂಡ ಗಂಟಲಿನಲ್ಲೇ ಅದು ಸಿಕ್ಕಿಕೊಳ್ಳಬಹುದು. ನೀರಿನಂಥ ಸಾರು, ಕಾಫಿಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಮತ್ತೊಂದು ಕೊಡಬೇಕು. ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ಗಟ್ಟಿಯಾದ ರಾಗಿ ಗಂಜಿ ಇಂಥವರಿಗೆ ರುಚಿಗೂ ಸರಿ, ಗಂಟಲಿಗೂ ಸರಿ. ಕೆಮ್ಮು ಬಂದರೆ ಒತ್ತಾಯಿಸದೆ ವೈದ್ಯರಿಗೆ ತೋರಿಸಬೇಕು.

ನೋಡಲು ಬರುವ ನೆಂಟರು ಹಾಸಿಗೆಯ ಬಳಿ ನಿಂತು ‘ನಾನ್ಯಾರು ಹೇಳಜ್ಜಿ?’ ಎಂದು ಪರೀಕ್ಷೆ ಮಾಡುವುದನ್ನು ದಯಮಾಡಿ ಬಿಡಬೇಕು. ‘ಅಜ್ಜೀ, ನಾನು ನಿನ್ನ ಮೊಮ್ಮಗ’ ಎಂದು ತಾವೇ ಹೇಳಿದರೆ ಯಾರ ಗಂಟೂ ಹೋಗದು. ಸಂಜೆಯಾದೊಡನೆ ‘ಮನೆಗೆ ಹೋಗಬೇಕು’ ಎಂದು ಹಟ ಹಿಡಿಯುವುದು ಈ ಕಾಯಿಲೆಯ ಲಕ್ಷಣ. ‘ಇದೇ ನಿಮ್ಮ ಮನೆ’ ಎಂದು ವಾದಿಸುವುದಕ್ಕಿಂತ, ದೀಪ ಹಚ್ಚಿ, ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿ, ಬಲ್ಲವರು ಒಂದೆರಡು ವಚನ ಹಾಡಿದರೆ ಹೆಚ್ಚಿನ ಫಲವಿದೆ. ಮಗ್ಗದಲ್ಲಿ ದುಡಿದ ಕೈಗೆ ಸುತ್ತಲು ಒಂದು ನೂಲಿನ ಉಂಡೆ, ಅಡುಗೆ ಮಾಡಿದ ಕೈಗೆ ಬಿಡಿಸಲು ಕಡಲೆಕಾಯಿ ಕೊಟ್ಟರೆ ಅದೂ ಕಾಯಕವೇ.

ಸಂಸ್ಥೆ ನಡೆಸುವವರಿಗೆ ಒಂದು ಮಾತು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಿಂದ ಡಿಮೆನ್ಷಿಯಾಕ್ಕೆಂದೇ ಕೇಂದ್ರವೊಂದನ್ನು ನಡೆಸುತ್ತಿದೆ. ಹೊಸದಾಗಿ ಆರಂಭಿಸುವವರು ಅಂಥದನ್ನು ನೋಡಿಬರುವುದು ಒಳ್ಳೆಯದು. ಅನ್ನ, ಅಕ್ಷರ, ಆಸರೆಗಳ ತ್ರಿವಿಧ ದಾಸೋಹಕ್ಕೆ ಹೆಸರಾದ ಸಿದ್ಧಗಂಗೆಯಿರುವ ಜಿಲ್ಲೆ ನಮ್ಮದು. ಮಕ್ಕಳ ಆಸರೆಗೆ ನಾವು ತೋರಿದ ಔದಾರ್ಯ ಮರೆವಿನ ಹಿರಿಯರತ್ತಲೂ ಹರಿಯಬೇಕಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಡುವೆ ಹತ್ತು ಹಾಸಿಗೆಯ ಒಂದು ಗೃಹ, ತರಬೇತಿ ಪಡೆದ ಸ್ಥಳೀಯ ಹೆಣ್ಣುಮಕ್ಕಳು, ವಾರಕ್ಕೊಮ್ಮೆ ಬರುವ ವೈದ್ಯರು, ಇಷ್ಟಿದ್ದರೂ ಬೆಂಗಳೂರಿನ ದೊಡ್ಡ ಕಟ್ಟಡಕ್ಕಿಂತ ಅದು ಮೇಲೆಂದು ನನ್ನ ಅಭಿಪ್ರಾಯ. ಕಟ್ಟಡದ ಶಂಕುಸ್ಥಾಪನೆಗೆ ಮುನ್ನ ನೋಂದಣಿಯ ಅರ್ಜಿ ತರಿಸಿಕೊಳ್ಳಲಿ.

ಹಿರಿಯರನ್ನು ಸೇರಿಸಬೇಕೆಂದಿರುವವರು ಸಂಸ್ಥೆಯನ್ನು ಹಗಲು ಹನ್ನೊಂದಕ್ಕೆ ನೋಡಿದರೆ ಸಾಲದು. ಸಂಜೆ ಆರರ ಮೇಲೆ, ಹೇಳದೆ ಹೋಗಿ ನೋಡಬೇಕು. ರಾತ್ರಿ ಎಷ್ಟು ಜನರಿಗೆ ಎಷ್ಟು ದಾದಿಯರು, ಬಾಗಿಲಿಗೆ ಬೀಗವೇ ಕಾವಲೇ, ಕಟ್ಟಿಹಾಕಿದ್ದನ್ನು ಬರೆಯುವ ದಾಖಲೆ ಪುಸ್ತಕ ಎಲ್ಲಿದೆ ಎಂದು ಕೇಳಬೇಕು. ದಾರಿ ತೋಚದಾದಾಗ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೂ, ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416ಕ್ಕೂ ಹಣ ತೆರದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.