ಕರಾವಳಿಯ ಕೆಲಸ: ಹೊರಡುವ ಮುನ್ನ ತೂಗಿ ನೋಡೋಣ

ಐ.ಟಿ.ಐ., ಡಿಪ್ಲೊಮಾ, ನರ್ಸಿಂಗ್ ತರಬೇತಿಗಳನ್ನು ಮುಗಿಸಿದ ಯುವಕ ಯುವತಿಯರು ಕೆಲಸ ಅರಸುವ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. “ಮಂಗಳೂರಿನ ಕಡೆ ಕೆಲಸ ಇದೆಯಂತೆ, ಸಂಬಳ ಇಲ್ಲಿಗಿಂತ ಹೆಚ್ಚಂತೆ. ಹೋಗಲೋ, ಬೇಡವೋ?” ಬೆಂಗಳೂರಿನ ಕೆಲಸವಾದರೆ ಮನೆಯವರು ಇಷ್ಟು ಚಿಂತಿಸುವುದಿಲ್ಲ. ಮುಂಜಾನೆಯ ರೈಲು ಹತ್ತಿ ಹೋಗಿ ರಾತ್ರಿಯ ಊಟಕ್ಕೆ ಮನೆ ಸೇರುವವರು ಮಂಡ್ಯ, ಮದ್ದೂರುಗಳಲ್ಲಿ ಬಹಳ ಮಂದಿ ಇದ್ದಾರೆ. ಕರಾವಳಿಯ ಮಾತು ಬೇರೆ. ಅಲ್ಲಿಗೆ ಕೆಲಸಕ್ಕೆ ಹೋದವರು ಅಲ್ಲಿಯೇ ನೆಲೆಸಬೇಕು. ನೆಲೆಸುವುದಕ್ಕೆ ಬೆಲೆ ತೆರಬೇಕು.

ಮದ್ದೂರು, ಮಂಡ್ಯಗಳನ್ನು ಹಾದುಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿಯೇ ಮೈಸೂರು, ಮಡಿಕೇರಿ, ಸಂಪಾಜೆ, ಪುತ್ತೂರುಗಳ ಮೂಲಕ ಮಂಗಳೂರಿನ ಸಮೀಪದ ಬಂಟ್ವಾಳವನ್ನು ಮುಟ್ಟುತ್ತದೆ. ದಾರಿ ಒಂದೇ ಆದರೂ ಅದರ ಎರಡು ತುದಿಗಳ ಬದುಕು ಒಂದೇ ಅಲ್ಲ. ಆ ತುದಿಯಲ್ಲಿ 1975ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ನವಮಂಗಳೂರು ಬಂದರು, ಪಣಂಬೂರಿನ ರಸಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣಾಗಾರ, ವೈದ್ಯಕೀಯ ಕಾಲೇಜುಗಳು, ದೊಡ್ಡ ಆಸ್ಪತ್ರೆಗಳು ಇವೆ. ಈ ತುದಿಯಲ್ಲಿ ಕಬ್ಬು, ಭತ್ತ, ರಾಗಿ, ರೇಷ್ಮೆ, ಗೆಜ್ಜಲಗೆರೆಯ ಹಾಲಿನ ಡೇರಿ, ಕೆಲವು ಸಿದ್ಧ ಉಡುಪಿನ ಕಾರ್ಖಾನೆಗಳು ಇವೆ. 1933ರಲ್ಲಿ ಸ್ಥಾಪನೆಗೊಂಡ ಮಂಡ್ಯದ ಮೈಷುಗರ್ ಕಾರ್ಖಾನೆಯೇ ಕೆಲವು ವರ್ಷ ನಿಂತುಹೋಗಿ, 2022ರಲ್ಲಿ ಮತ್ತೆ ಕಬ್ಬು ಅರೆಯಲು ತೊಡಗಿತು. ಇಂತಹ ಜಿಲ್ಲೆಯ ಯುವಜನರ ದೃಷ್ಟಿ ಹೊರಗೆ ಹರಿದರೆ ಅದರಲ್ಲಿ ಆಶ್ಚರ್ಯವಿಲ್ಲ, ತಪ್ಪೂ ಇಲ್ಲ.

ಹಾಗಾದರೆ ಈ ಪ್ರಶ್ನೆಯನ್ನು ಎದುರಿಸುವ ಬಗೆ ಹೇಗೆ? ನಾವು ಆಲೋಚಿಸುವುದು ಗುರಿಯ ಬಗ್ಗೆ ಅಲ್ಲ, ಗುರಿಯನ್ನು ಮುಟ್ಟುವ ದಾರಿಯ ಬಗ್ಗೆ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ವಿವರಿಸಿದ್ದಾನೆ. ರೋಗಿಯನ್ನು ಗುಣಪಡಿಸಬೇಕೋ ಬೇಡವೋ ಎಂದು ವೈದ್ಯನು ಆಲೋಚಿಸುವುದಿಲ್ಲ; ಹೇಗೆ ಗುಣಪಡಿಸಲಿ ಎಂದು ಆಲೋಚಿಸುತ್ತಾನೆ. ಕರಾವಳಿಗೆ ಹೋಗುವುದೂ ಒಂದು ದಾರಿ, ಗುರಿಯಲ್ಲ. ಆದುದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ‘ಏತಕ್ಕಾಗಿ?’ ಎಂದು. ತಂದೆಯ ಬೆಳೆಸಾಲ ತೀರಿಸುವುದಕ್ಕಾಗಿಯೋ, ತಂಗಿಯ ಓದಿಗಾಗಿಯೋ, ಕೈಕಸುಬಿನಲ್ಲಿ ಪಳಗುವುದಕ್ಕಾಗಿಯೋ, ಅಥವಾ ಓರಗೆಯವರೆಲ್ಲ ಹೋದರೆಂಬ ಒಂದೇ ಕಾರಣಕ್ಕಾಗಿಯೋ? ಈ ಪ್ರಶ್ನೆಗೆ ಉತ್ತರ ದೊರೆಯದೆ ಸಂಬಳದ ಅಂಕಿಯನ್ನು ತೂಗಲು ಸಾಧ್ಯವಿಲ್ಲ.

ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿ ಅದರ ಅಂಗಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ನಾಲ್ಕು ಇಲ್ಲಿ ನಮ್ಮ ಕೆಲಸಕ್ಕೆ ಬರುತ್ತವೆ: ಹಿಂದಿನದರ ನೆನಪು, ಪರರಿಂದ ಕೇಳಿ ಕಲಿಯುವ ಗುಣ, ಸುತ್ತಲಿನ ಸಂದರ್ಭವನ್ನು ನೋಡುವ ಕಣ್ಣು, ಮುಂದೆ ಬರಬಹುದಾದ ಕೇಡಿನ ಬಗ್ಗೆ ಎಚ್ಚರ.

ಮೊದಲು ನೆನಪು. ನಮ್ಮ ಜಿಲ್ಲೆಯದೇ ಒಂದು ಪಾಠವಿದೆ. ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ವಿದ್ವಾಂಸೆ 1954ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 1962ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹಳ್ಳಿಗಳ ನಿಜ ಹೆಸರನ್ನು ಮರೆಮಾಚಿ ಒಂದನ್ನು ವಂಗಲ ಎಂದೂ ಇನ್ನೊಂದನ್ನು ದಲೇನ ಎಂದೂ ಕರೆದರು. ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿಕೊಂಡಿರುವ ಅಂದಿನ ಇರ್ವಿನ್ ನಾಲೆಯ ನೀರು ವಂಗಲಕ್ಕೆ ಹರಿಯಿತು. ದಲೇನದ ಜಮೀನು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅದು ಒಣಗಿಯೇ ಉಳಿಯಿತು. ನೀರು ಬಂದ ಊರಿನವರು ಕಬ್ಬು ಬೆಳೆದು ಮಣ್ಣಿಗೆ ಇನ್ನಷ್ಟು ಅಂಟಿಕೊಂಡರು. ನೀರು ಬಾರದ ಊರಿನವರು ಸುಮ್ಮನೆ ಕುಳಿತಿರಲಿಲ್ಲ. ಅವರು ಮಂಡ್ಯದ ಕಾರ್ಖಾನೆ, ಕಛೇರಿಗಳಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು, ಬೇರೆ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು.

ಈ ಪಾಠಕ್ಕೆ ಎರಡು ಮುಖಗಳಿವೆ. ಹೊರಗೆ ದುಡಿಯುವುದು ಮನೆತನಕ್ಕೆ ಅಗೌರವವಲ್ಲ. ಒಣ ಭೂಮಿಯವರನ್ನು ಎತ್ತಿ ನಿಲ್ಲಿಸಿದ್ದೇ ಹೊರಗಿನ ದುಡಿಮೆ. ನಾಲೆಯ ಕೊನೆಯಂಚಿನಲ್ಲಿ ನೀರಿಗಾಗಿ ಕಾಯುವ ಮಳವಳ್ಳಿಯ ರೈತನ ಮಗನಿಗೆ ‘ಊರು ಬಿಡಬೇಡ’ ಎಂದು ಉಪದೇಶಿಸುವ ಮೊದಲು ಇದನ್ನು ನೆನೆಯಬೇಕು. ಆದರೆ ದಲೇನದವರು ಹೊರಗೆ ದುಡಿದರೂ ಸಂಜೆಗೆ ಮನೆಗೆ ಮರಳಬಲ್ಲವರಾಗಿದ್ದರು ಎಂಬುದು ಎರಡನೆಯ ಮುಖ. ಅವರು ಬಾಡಿಗೆ ಕೊಡಲಿಲ್ಲ, ಹೋಟೆಲಿನಲ್ಲಿ ಉಣ್ಣಲಿಲ್ಲ, ಹಸು ಕರುಗಳನ್ನು ಮಾರಲಿಲ್ಲ. ಇಂದು ಮದ್ದೂರಿನಿಂದ ಬೆಂಗಳೂರಿಗೆ ನಿತ್ಯ ಓಡಾಡುವವರು ನಡೆಯುತ್ತಿರುವುದು ಅದೇ ದಾರಿಯಲ್ಲಿ. ಕರಾವಳಿಗೆ ಹೊರಟವನಿಗೆ ಆ ಸೌಕರ್ಯವಿಲ್ಲ. ಆದುದರಿಂದ ಅವನ ಲೆಕ್ಕವೇ ಬೇರೆ.

ಆ ಲೆಕ್ಕವನ್ನು ಒಮ್ಮೆ ಬರೆದು ನೋಡೋಣ. ಇಲ್ಲಿರುವ ಅಂಕಿಗಳು ಮಾದರಿಗಾಗಿ ಮಾತ್ರ. ಪ್ರತಿ ಮನೆಯವರೂ ತಮ್ಮ ಅಂಕಿಗಳನ್ನು ತುಂಬಿಕೊಳ್ಳಬೇಕು. ಊರಿನ ಬಳಿ ತಿಂಗಳಿಗೆ 15,000 ರೂಪಾಯಿ, ಕರಾವಳಿಯಲ್ಲಿ 24,000 ರೂಪಾಯಿ ಸಂಬಳವೆಂದು ಇಟ್ಟುಕೊಳ್ಳೋಣ. ಕಣ್ಣಿಗೆ ಕಾಣುವ ಹೆಚ್ಚಳ 9,000. ಊರಿನಲ್ಲಿ ಅವನ ಊಟಕ್ಕೆ 2,500, ಬಸ್ಸಿಗೆ 1,500 ಹೋದರೆ 11,000 ಉಳಿಯುತ್ತದೆ. ಕರಾವಳಿಯಲ್ಲಿ ಗೆಳೆಯರೊಡನೆ ಹಂಚಿಕೊಂಡ ಕೋಣೆಗೆ 4,000, ಊಟ ತಿಂಡಿಗೆ 5,000, ಬಸ್ಸಿಗೆ 1,000, ಊರಿಗೆ ಬಂದು ಹೋಗಲು 1,000 ಎಂದರೆ ಒಟ್ಟು 11,000 ಖರ್ಚು, ಉಳಿಯುವುದು 13,000. ಒಂಬತ್ತು ಸಾವಿರವೆಂದು ಕಂಡ ಲಾಭ ನಿಜದಲ್ಲಿ ಎರಡು ಸಾವಿರ.

ಅವನಿಗೆ ಹೆಂಡತಿ ಮತ್ತು ಒಂದು ಮಗು ಇದ್ದು, ಎಲ್ಲರೂ ಜೊತೆಗೆ ಹೊರಟರೆ? ಮನೆ ಬಾಡಿಗೆ 8,000, ಅಡುಗೆಮನೆಗೆ 8,000, ವಿದ್ಯುತ್ತು ಗ್ಯಾಸಿಗೆ 2,000, ಮಗುವಿನ ಶಾಲೆಗೂ ಓಡಾಟಕ್ಕೂ 3,000, ಊರಿನ ಪ್ರಯಾಣಕ್ಕೆ 1,500 ಎಂದಾದರೆ 22,500 ಕರಗಿ ಹೋಗುತ್ತದೆ, ಉಳಿಯುವುದು 1,500. ಅದೇ ಕುಟುಂಬ ಊರಿನ ಸ್ವಂತ ಮನೆಯಲ್ಲಿದ್ದು ಹೆಂಡತಿ ಮಗುವಿಗೆ 4,000 ಖರ್ಚಾದರೂ 7,000 ಉಳಿಯುತ್ತಿತ್ತು. ಮನೆಗಾಗಿ ಮೊದಲೇ ಕೊಡಬೇಕಾದ ಮುಂಗಡ ಹಣ ಇದರಲ್ಲಿ ಸೇರಿಲ್ಲ. ಅದನ್ನು ಬಡ್ಡಿಗೆ ತಂದರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ಹೆಂಡತಿಗೂ ಅಲ್ಲಿ ಕೆಲಸ ದೊರೆತರೆ ತಕ್ಕಡಿ ಮತ್ತೆ ಆ ಕಡೆಗೆ ವಾಲೀತು. ಆಗ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೂ ಉತ್ತರ ಬೇಕು.

ಊರಿನ ಮನೆಯಲ್ಲಿ ಹಣವೆಂದು ಎಣಿಸದೆ ಪಡೆಯುವ ಎಷ್ಟೋ ಸಂಗತಿಗಳಿವೆ. ಅಜ್ಜಿಯ ಕೈಯಲ್ಲಿ ಬೆಳೆಯುವ ಮಗು, ಹೊಲದ ರಾಗಿ, ಹಿತ್ತಲಿನ ಸೊಪ್ಪು, ಹೊತ್ತಲ್ಲದ ಹೊತ್ತಿನಲ್ಲಿ ಕೈಸಾಲ ಕೊಡುವ ನೆರೆಯವರು ಇವುಗಳಿಗೆ ರಸೀದಿ ಇಲ್ಲ. ಊರು ಬಿಟ್ಟ ಮರುದಿನವೇ ಅವುಗಳಿಗೆಲ್ಲ ಬೆಲೆ ಕಟ್ಟಬೇಕಾಗುತ್ತದೆ. ಇತ್ತ ತಂದೆಯೂ ನಷ್ಟಕ್ಕೆ ಗುರಿಯಾಗುತ್ತಾನೆ. ರಾತ್ರಿ ಗದ್ದೆಗೆ ನೀರು ಕಟ್ಟಲು ಮಗನಿಲ್ಲದಿದ್ದರೆ ಆಳಿಗೆ ಕೂಲಿ ಕೊಡಬೇಕು; ಹಾಲು ಕರೆದು ಡೇರಿಗೆ ಹಾಕುವವರಿಲ್ಲದಿದ್ದರೆ ಹಸುವನ್ನು ಮಾರಬೇಕು.

ಇಷ್ಟು ಹೇಳಿದೊಡನೆ ‘ಹೋಗಬೇಡ’ ಎಂದು ತೀರ್ಮಾನಿಸುವುದು ಆತುರವಾದೀತು. ಎರಡು ಸಾವಿರದ ಲಾಭ ಇಂದಿನದು. ಐದು ವರ್ಷಗಳ ನಂತರದ ಮಾತೇನು? ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿ ಪಳಗಿದ ನರ್ಸಿಗೆ, ಶುದ್ಧೀಕರಣಾಗಾರದ ಕೊಳವೆಗಳನ್ನು ಬೆಸುಗೆ ಹಾಕಲು ಕಲಿತ ವೆಲ್ಡರಿಗೆ ಎಲ್ಲಿ ಹೋದರೂ ಬೆಲೆಯಿದೆ. ಕಲಿಕೆಗೆ ಅವಕಾಶವಿರುವ ಕೆಲಸಕ್ಕಾಗಿ ಕೆಲವು ವರ್ಷ ಬಿಗಿ ಹಿಡಿದು ಬದುಕುವುದು ಸಾರ್ಥಕ. ಇಲ್ಲಿ ಮಾಡುತ್ತಿದ್ದ ಕಾವಲು ಕೆಲಸವನ್ನೇ, ಲೋಟ ತೊಳೆಯುವ ಕೆಲಸವನ್ನೇ ಹೆಚ್ಚು ಬೆಲೆಯ ಊರಿನಲ್ಲಿ ಮಾಡಲು ಹೋಗುವುದಾದರೆ ಎರಡು ಸಲ ಯೋಚಿಸಬೇಕು.

ಇನ್ನು ಕೇಳಿ ಕಲಿಯುವ ಗುಣ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಹಬ್ಬಕ್ಕೆ ಹೊಸ ಬಟ್ಟೆ, ಹೊಸ ಮೊಬೈಲಿನೊಡನೆ ಬಂದವನ ಮಾತನ್ನು ಕೇಳಲು ಎಲ್ಲರೂ ಸೇರುತ್ತಾರೆ. ಹೋಗಿ ಹಿಂದಿರುಗಿದವನ ಬಳಿ ಯಾರೂ ಕುಳಿತುಕೊಳ್ಳುವುದಿಲ್ಲ. ಇಬ್ಬರನ್ನೂ ಕೇಳಬೇಕು. ಸಂಬಳ ಕೈಗೆ ಎಷ್ಟು ಬರುತ್ತದೆ, ಗುತ್ತಿಗೆದಾರನ ಮೂಲಕವೋ ಸಂಸ್ಥೆಯಿಂದ ನೇರವಾಗಿಯೋ, ಭವಿಷ್ಯನಿಧಿ ಕಟ್ಟುತ್ತಾರೋ ಇಲ್ಲವೋ, ಸಂಬಳ ಇ.ಎಸ್.ಐ. ಮಿತಿಯನ್ನು ದಾಟಿದರೆ ಕಾಯಿಲೆ ಕಸಾಲೆಗೆ ಬೇರೆ ಏರ್ಪಾಡು ಏನು ಎಂದು ಕೇಳಬೇಕು. ಇವೆಲ್ಲಕ್ಕೂ ಕಾಗದದ ಮೇಲೆ ಉತ್ತರವಿರಬೇಕು.

ಮೂರನೆಯದು ಸುತ್ತಣ ನೋಟ. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ದಕ್ಷಿಣ ಕನ್ನಡದಲ್ಲಿ ಅದು 3,500 ಮಿಲಿಮೀಟರನ್ನು ಮೀರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರುಕಟ್ಟೆಯನ್ನು ನಂಬಿದ ದುಡಿಮೆ ಆಗ ಕುಗ್ಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋಗಿತ್ತು. ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂದ ರಾತ್ರಿ ಘಟ್ಟದ ದಾರಿ ತೆರೆದಿರುತ್ತದೆ ಎಂಬ ಭರವಸೆ ಮಳೆಗಾಲದಲ್ಲಿ ಇಲ್ಲ.

ಸರ್ಕಾರದ ಸವಲತ್ತುಗಳನ್ನೂ ಇಲ್ಲಿ ಪರಿಗಣಿಸಬೇಕು. ಪಡಿತರ ಚೀಟಿಯ ಅಕ್ಕಿಯನ್ನು ರಾಜ್ಯದ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡೆಯಬಹುದು. ಚೀಟಿ ಊರಿನಲ್ಲಿದೆಯೆಂದು ಅದನ್ನು ಕಳೆದುಕೊಳ್ಳಬೇಕಾಗಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತ. ಆದರೆ ಮಂಗಳೂರು ನಗರದ ಒಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರವು. ಅಲ್ಲಿ ದಿನವೂ ಟಿಕೆಟ್ ಕೊಳ್ಳಬೇಕು.

ನುಡಿ, ಊಟಗಳ ವ್ಯತ್ಯಾಸವೂ ಸಣ್ಣದಲ್ಲ. ಅಲ್ಲಿನ ಬೀದಿಯ ಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಎಲ್ಲರಿಗೂ ತಿಳಿದಿದ್ದರೂ ಅದರ ಧಾಟಿ ಬೇರೆ. ನಮ್ಮ ಕಡೆಯ ‘ಬಾರಪ್ಪ, ಹೋಗಪ್ಪ’ ಎಂಬ ಸಲುಗೆ ಅಲ್ಲಿನ ಹಿರಿಯರಿಗೆ ಒರಟಾಗಿ ಕೇಳಿಸಬಹುದು. ರಾಗಿಮುದ್ದೆಯಲ್ಲಿ ಬೆಳೆದವನು ಕುಚ್ಚಲಕ್ಕಿಗೆ ಒಗ್ಗಬೇಕು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಇನ್ನೂ ಒಂದು ಸಂಗತಿ ಇದೆ: ಕನ್ನಡದಲ್ಲಿ ಪೂಜೆ ಕೇಳಿ ಬೆಳೆದವರು ಅಲ್ಲಿ ಬಹುಮಟ್ಟಿಗೆ ಕೊಂಕಣಿಯಲ್ಲಿ ಅದನ್ನು ಕೇಳಬೇಕಾಗುತ್ತದೆ. ಇವು ಯಾವುವೂ ದಾಟಲಾಗದ ಅಡ್ಡಿಗಳಲ್ಲ. ಕರಾವಳಿಯವರೇ ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ದುಡಿದವರು. ಪರಸ್ಥಳದ ಒಂಟಿತನ ಏನೆಂದು ಬಲ್ಲವರು. ಉಡುಪಿಯವರ ಹೋಟೆಲುಗಳು ಬಯಲುಸೀಮೆಯ ಪೇಟೆಗಳಲ್ಲಿ ನೆಲೆಯೂರಿದಂತೆ ನಮ್ಮವರೂ ಅಲ್ಲಿ ನೆಲೆಯೂರಬಲ್ಲರು.

ಕೊನೆಯದು ಎಚ್ಚರ. ಮೂರು ತಿಂಗಳ ಖರ್ಚಿಗಾಗುವಷ್ಟು ಹಣವನ್ನು ಕೂಡಿಟ್ಟುಕೊಂಡು ಹೊರಡುವುದು ಒಳ್ಳೆಯದು. ಮೊದಲು ಒಬ್ಬರು ಹೋಗಿ, ಒಂದು ಮಳೆಗಾಲ ಕಳೆದು, ಆಮೇಲೆ ಕುಟುಂಬವನ್ನು ಕರೆಸಿಕೊಳ್ಳುವುದು ಇನ್ನೂ ಒಳ್ಳೆಯದು. ಜಮೀನು ಮಾರಿ, ಹಸು ಮಾರಿ, ಮನೆಯನ್ನು ಪರರಿಗೆ ಕೊಟ್ಟು ಹೊರಡುವವನು ಸೇತುವೆಯನ್ನು ದಾಟುತ್ತಲೇ ಅದನ್ನು ಕಿತ್ತುಹಾಕಿದಂತೆ. ಹೊರಡುವ ಮುನ್ನ ಮನೆಯವರೆಲ್ಲರೂ ಕುಳಿತು, ಇಂತಹ ದಿನದಂದು ಮತ್ತೆ ಲೆಕ್ಕ ನೋಡೋಣ ಎಂದು ಒಂದು ದಿನಾಂಕವನ್ನು ಗೊತ್ತುಪಡಿಸಿಕೊಳ್ಳಲಿ. ಆ ಮಾತುಕತೆಯಲ್ಲಿ ಹೆಂಡತಿಗೂ ತಾಯಿಗೂ ಬಾಯಿ ಇರಲಿ. ಬೆಲೆ ಏರಿದ ಊರಿನಲ್ಲಿ ಸಂಸಾರ ತೂಗಿಸಬೇಕಾದವರು ಅವರು.

ಈ ಎಲ್ಲ ತೂಗುವಿಕೆಯನ್ನು ಕೆಡಿಸುವ ಒಂದು ಮಾತು ನಮ್ಮ ಹಳ್ಳಿಗಳಲ್ಲಿದೆ: “ಹೋದೋನು ವಾಪಸ್ ಬಂದ್ರೆ ಊರೋರು ಏನಂದಾರು?” ಈ ಭಯದಿಂದಲೇ ಎಷ್ಟೋ ಮಂದಿ, ಲೆಕ್ಕ ತಪ್ಪಿತೆಂದು ತಿಳಿದ ಮೇಲೂ, ಸಾಲದ ಮೇಲೆ ಸಾಲ ಮಾಡಿಕೊಂಡು ಪರಸ್ಥಳದಲ್ಲಿಯೇ ಉಳಿಯುತ್ತಾರೆ, ಮನೆಗೆ ಫೋನು ಮಾಡಿ ಎಲ್ಲ ಚೆನ್ನಾಗಿದೆ ಎನ್ನುತ್ತಾರೆ. ಹಿಂದಿರುಗುವ ದಾರಿ ಮುಚ್ಚಿದ್ದರೆ ಅದು ಆಯ್ಕೆಯೇ ಅಲ್ಲ, ಬಲೆ. ತಕ್ಕಡಿಗೆ ಎರಡು ತಟ್ಟೆಗಳಿರಬೇಕು. ಒಂದೇ ತಟ್ಟೆಯಿಂದ ಯಾರೂ ತೂಗಲಾರರು.

ಆದುದರಿಂದ ತಂದೆತಾಯಿಯರಲ್ಲಿ ಒಂದು ಬಿನ್ನಹ. ಮಗನನ್ನೋ ಮಗಳನ್ನೋ ಬಸ್ಸು ಹತ್ತಿಸುವ ದಿನ ಬುತ್ತಿಯೊಡನೆ ಒಂದು ಮಾತನ್ನೂ ಕಟ್ಟಿಕೊಡಿ: “ಸರಿಹೋದರೆ ಇರು, ಸರಿಹೋಗದಿದ್ದರೆ ಬಾ, ಮನೆ ಇದೆ.” ಈ ಮಾತನ್ನು ಕೇಳಿ ಹೋದವನು ಅಲ್ಲಿ ಹೆದರಿಕೆಯಿಲ್ಲದೆ ದುಡಿಯುತ್ತಾನೆ, ಮೋಸದ ಕೆಲಸವನ್ನು ಬೇಡವೆನ್ನುವ ಧೈರ್ಯ ಪಡೆಯುತ್ತಾನೆ. ಊರಿನವರಾದ ನಮ್ಮದೂ ಒಂದು ಕರ್ತವ್ಯವಿದೆ. ಹಿಂದಿರುಗಿ ಬಂದವನನ್ನು ಸೋತವನೆಂದು ಕರೆಯದೆ, ಅವನು ಕಂಡದ್ದೇನು, ಕಲಿತದ್ದೇನು ಎಂದು ಕೇಳೋಣ. ಮುಂದೆ ಹೊರಡಲಿರುವ ಮತ್ತೊಬ್ಬನಿಗೆ ಅದರಿಂದ ದಾರಿ ತಿಳಿಯಲಿ.